ಓದುಗರ ಪ್ರಶ್ನೆ: ಕತ್ತಲಲ್ಲಿ ಜಿಗಿದ ಪೋಲಿಷ್ ಯೋಧರು

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಗುಪ್ತ ಕೆಲಸದ ತರಬೇತಿ ಪಡೆದು, ಜರ್ಮನರ ವಶದಲ್ಲಿದ್ದ ಪೋಲೆಂಡಿಗೆ ಪ್ಯಾರಾಚೂಟಿನಲ್ಲಿ ಇಳಿದ ‘ಚಿಹೊಚೆಮ್ನಿ’ ಯೋಧರ ಬಗ್ಗೆ ಹಲವರು ಕೇಳಿದ್ದಾರೆ. ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಇವರನ್ನು ಆರಿಸುತ್ತಿದ್ದದ್ದು ಹೇಗೆ? ಏನೇನು ಕಲಿಸುತ್ತಿದ್ದರು?
– ಎನ್‌ಸಿಸಿ ಕೆಡೆಟ್, ಮಡಿಕೇರಿ

ಒತ್ತಾಯವಿರಲಿಲ್ಲ, ಸ್ವಂತ ಇಚ್ಛೆಯಿಂದ ಮುಂದೆ ಬಂದವರನ್ನೇ ತೆಗೆದುಕೊಳ್ಳುತ್ತಿದ್ದರು. ಹೀಗೆ ಬಂದವರು 2,413 ಮಂದಿ. ತರಬೇತಿ ಮುಗಿಸಿದವರು 606, ಕೊನೆಗೆ ಪೋಲೆಂಡಿನ ನೆಲ ಮುಟ್ಟಿದವರು 316. ತರಬೇತಿಯ ಅರ್ಧ ಕೆಲಸವೇ ಜರಡಿ ಹಿಡಿಯುವುದು. ಮೊದಲು ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ದೇಹ ದಂಡನೆ, ಬರಿಗೈ ಕಾಳಗ. ಫೈಫ್ ಪ್ರಾಂತ್ಯದ ಲಾರ್ಗೋ ಹೌಸ್‌ನಲ್ಲಿ ಹಗ್ಗ, ಏಣಿ, ಉಯ್ಯಾಲೆಗಳ ಕಸರತ್ತು. ಅದಕ್ಕೆ ಪೋಲರು ‘ಮಂಗಗಳ ತೋಪು’ ಎನ್ನುತ್ತಿದ್ದರು. ಮ್ಯಾಂಚೆಸ್ಟರ್ ಬಳಿಯ ರಿಂಗ್‌ವೇಯಲ್ಲಿ ನಿಜವಾದ ಜಿಗಿತ. ಆಮೇಲೆ, 1942ರಿಂದ, ಎಸೆಕ್ಸ್‌ನ ಆಡ್ಲಿ ಎಂಡ್ ಎಂಬ ಹಳೆಯ ಬಂಗಲೆಯಲ್ಲಿ ವಿಧ್ವಂಸಕ ಕೆಲಸ ಮತ್ತು ಭೂಗತ ಬದುಕಿನ ಪಾಠ. ಅಲ್ಲಿ ಪೋಲಿಷ್ ಶಿಕ್ಷಕರ ಮುಖ್ಯಸ್ಥರಾಗಿದ್ದವರು ಯೂಜೆಫ್ ಹಾರ್ಟ್‌ಮನ್.

ವೈರ್‌ಲೆಸ್ ನಡೆಸುವವರ ದಾರಿಯೇ ಬೇರೆ. ಮೋರ್ಸ್ ಸಂಕೇತ ಬೇಗ ಬಡಿದರೆ ಸಾಲದು, ಬೇಗ ಮುಗಿಸಿ ಜಾಗ ಬದಲಿಸಲೂ ಬರಬೇಕು. ಒಂದೇ ಮನೆಯಿಂದ ಹೆಚ್ಚು ಹೊತ್ತು ಸಂದೇಶ ಕಳಿಸಿದರೆ ದಿಕ್ಕು ಹಿಡಿಯುವ ಜರ್ಮನ್ ವಾಹನ ಬೀದಿಗೇ ಬಂದು ನಿಲ್ಲುತ್ತಿತ್ತು.

ಹೋಗುವುದು ತಮ್ಮದೇ ದೇಶಕ್ಕೆ, ಆಡುವುದು ತಮ್ಮದೇ ಭಾಷೆ. ಮತ್ತೆ ಅಷ್ಟೊಂದು ವೇಷ, ಅಭ್ಯಾಸ ಯಾಕೆ?
– ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ

ಒಳ್ಳೆಯ ಪ್ರಶ್ನೆ ಮೇಡಂ. ಇವರಲ್ಲಿ ಹೆಚ್ಚಿನವರು 1939ರಲ್ಲಿ ದೇಶ ಬಿಟ್ಟು, ಫ್ರಾನ್ಸ್ ದಾಟಿ, 1940ರಲ್ಲಿ ಬ್ರಿಟನ್ ಸೇರಿದವರು. ಅವರು ಬಿಟ್ಟುಬಂದ ಪೋಲೆಂಡ್ ಅಷ್ಟರಲ್ಲಿ ಇರಲೇ ಇಲ್ಲ. ಹೊಸ ಗುರುತುಚೀಟಿ, ರೇಷನ್ ಕಾರ್ಡು, ರಾತ್ರಿ ಕರ್ಫ್ಯೂ. ನೋಟು ಕೂಡ ಬೇರೆ. ವಾರ್ಸಾದ ಟ್ರಾಮಿನಲ್ಲಿ ಜರ್ಮನರಿಗೇ ಮೀಸಲಾದ ಭಾಗವಿತ್ತು, ತಿಳಿಯದೆ ಅಲ್ಲಿ ಹತ್ತಿದರೆ ಕಥೆ ಮುಗಿಯಿತು. ಯಾವ ಸಮವಸ್ತ್ರ ಯಾವ ಪೊಲೀಸರದು, ಕಾಳಸಂತೆಯಲ್ಲಿ ಏನು ದರ, ಎಲ್ಲವನ್ನೂ ಕೊನೆಯ ಹಂತದ ಕೋರ್ಸಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು.

ಇನ್ನು ಮೈಗಂಟಿದ ಅಭ್ಯಾಸಗಳು. ಬ್ರಿಟನ್ನಿನಲ್ಲಿ ವಾಹನ ಎಡಕ್ಕೆ, ಪೋಲೆಂಡಿನಲ್ಲಿ ಬಲಕ್ಕೆ. ರಸ್ತೆ ದಾಟುವಾಗ ಮೊದಲು ತಪ್ಪು ಬದಿಗೆ ಕತ್ತು ತಿರುಗಿದರೆ, ನೋಡುವವನಿಗೆ ಅಷ್ಟು ಸಾಕು. ಸೈನಿಕನಂತೆ ಹಿಮ್ಮಡಿ ಜೋಡಿಸಿ ನಿಲ್ಲುವುದೂ ಅಷ್ಟೇ ಅಪಾಯ. ವಿಮಾನ ಹತ್ತುವ ಮುನ್ನ ಜೇಬು ತಡಕಿ ಬಸ್ ಟಿಕೆಟ್, ಇಂಗ್ಲಿಷ್ ಬೆಂಕಿಪೊಟ್ಟಣ, ಅಂಗಿಯ ಲೇಬಲ್ಲು ತೆಗೆಯಬೇಕಿತ್ತು.

ಸುಳ್ಳು ಗುರುತಿನ ವಿಚಾರದಲ್ಲಿ ನಿಯಮ ಸರಳ: ಸುಳ್ಳು ಆದಷ್ಟು ಕಡಿಮೆಯಿರಲಿ. ಹೆಸರು ಬದಲಿಸಿ, ಗೊತ್ತಿರುವ ಊರು, ಬಲ್ಲ ಕಸುಬು ಇಟ್ಟುಕೊಳ್ಳಿ. ಬಡಗಿ ಕೆಲಸ ತಿಳಿಯದವನು ಬಡಗಿ ಎಂದುಕೊಂಡರೆ ಅಂಗೈ ನೋಡಿದವರೇ ಹಿಡಿದುಬಿಡುತ್ತಾರೆ. ಇಷ್ಟೆಲ್ಲ ಕಲಿತರೂ ಇಳಿದ ಕೂಡಲೇ ಕೆಲಸಕ್ಕೆ ಬಿಡುತ್ತಿರಲಿಲ್ಲ. ವಾರ್ಸಾದಲ್ಲಿ ಭೂಗತ ಸೇನೆಯ ಮಹಿಳೆಯರು, ಎಲ್ಲರ ಬಾಯಲ್ಲಿ ‘ಚಿಕ್ಕಮ್ಮ’ಂದಿರು, ಮನೆ ಹುಡುಕಿ ಕೊಟ್ಟು, ಬೀದಿಯಲ್ಲಿ ಜೊತೆಗೆ ಓಡಾಡಿಸಿ ಪಳಗಿಸುತ್ತಿದ್ದರು. ನಮ್ಮ ದೃಷ್ಟಿಯಲ್ಲಿ ಇಡೀ ತರಬೇತಿಯ ಅತಿ ಉಪಯುಕ್ತ ಭಾಗ ಇದೇ.

ಬಾಂಬರ್ ವಿಮಾನದಿಂದ ಜಿಗಿಯುವುದು ಹೇಗೆ? ಏನು ಎಡವಟ್ಟಾಗುತ್ತಿತ್ತು?
– ಓದುಗರು, ದಾವಣಗೆರೆ

ಬಾಗಿಲಿನಿಂದಲ್ಲ, ನೆಲದಲ್ಲಿ ಕೊರೆದ ರಂಧ್ರದಿಂದ. ಪ್ಯಾರಾಚೂಟನ್ನು ಎಳೆದು ಬಿಚ್ಚುವ ಪಟ್ಟಿಯ ಕೊಕ್ಕೆ ವಿಮಾನಕ್ಕೆ ಸಿಕ್ಕಿದೆಯೇ ಎಂದು ಮೊದಲು ನೋಡಬೇಕು. ರಂಧ್ರದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಕೆಂಪು ದೀಪಕ್ಕೆ ಸಿದ್ಧವಾಗಿ, ಹಸಿರಿಗೆ ಮೈ ನೆಟ್ಟಗಿಟ್ಟು ಜಾರಬೇಕು. ಜೋರಾಗಿ ಮುಂದಕ್ಕೆ ತಳ್ಳಿಕೊಂಡರೆ ಮೂಗು ಎದುರಿನ ಅಂಚಿಗೆ ಬಡಿಯುತ್ತದೆ. ಹೆದರಿ ಮೆಲ್ಲಗೆ ಜಾರಿದರೆ ಬೆನ್ನಿನ ಚೀಲ ಹಿಂದಿನ ಅಂಚಿಗೆ ತಾಗಿ, ಮೈ ಮುಂದಕ್ಕೆ ಮಾಲಿ, ಆಗಲೂ ಮೂಗಿಗೇ ಪೆಟ್ಟು! ಎತ್ತರ ಇನ್ನೂರು ಮೀಟರಿನ ಆಸುಪಾಸು. ಎರಡನೇ ಪ್ಯಾರಾಚೂಟ್ ಇರಲಿಲ್ಲ. ಇದ್ದರೂ ಬಿಚ್ಚಲು ಸಮಯ ಸಿಗುತ್ತಿರಲಿಲ್ಲ.

ದೊಡ್ಡ ತೊಂದರೆ ದೂರದ್ದು. ಹೋಗಿ ಬರಲು ಹತ್ತು ಗಂಟೆಗೂ ಮಿಕ್ಕಿದ ಹಾರಾಟ, ಅದೂ ಕತ್ತಲಲ್ಲೇ ಆಗಬೇಕು. ಹಾಗಾಗಿ ಬೇಸಿಗೆಯ ಕಿರು ರಾತ್ರಿಗಳು ಇಂಗ್ಲೆಂಡಿನಿಂದ ಹಾರಲು ಒದಗುತ್ತಿರಲಿಲ್ಲ. ನದಿ, ರೈಲುಹಳಿ ಗುರುತಿಸಲು ಬೆಳದಿಂಗಳೂ ಬೇಕಿತ್ತು. 1941ರ ಫೆಬ್ರುವರಿ 15ರ ರಾತ್ರಿಯ ಮೊದಲ ಹಾರಾಟದಲ್ಲೇ ಲೆಕ್ಕ ತಪ್ಪಿತು: ಮೂವರು ಗೊತ್ತಾದ ಜಾಗದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ, ಜರ್ಮನಿ ತನ್ನೊಳಗೇ ಸೇರಿಸಿಕೊಂಡಿದ್ದ ಸಿಲೇಶಿಯಾದ ಹಳ್ಳಿಯೊಂದರ ಬಳಿ ಇಳಿದರು. ಸಾಮಾನು ಶತ್ರುವಿನ ಪಾಲಾಯಿತು. 1942ರ ಅಕ್ಟೋಬರಿನಲ್ಲಿ ಒಂದು ಹ್ಯಾಲಿಫ್ಯಾಕ್ಸ್ ವಿಮಾನ ನಾರ್ವೆಯ ಬೆಟ್ಟಕ್ಕೆ ಬಡಿದು ಒಳಗಿದ್ದವರೆಲ್ಲ ಸತ್ತರು. 1943ರ ಕೊನೆಯಿಂದ ಇಟಲಿಯ ಬ್ರಿಂಡಿಸಿಯೂ ನೆಲೆಯಾಯಿತು.

ಇವರಲ್ಲಿ ಹೆಂಗಸರು ಇದ್ದರೇ?
– ಕಾಲೇಜು ವಿದ್ಯಾರ್ಥಿನಿ, ಉಡುಪಿ

ಒಬ್ಬರೇ, ಎಲ್ಜ್‌ಬಿಯೆತಾ ಜವಾತ್ಸ್ಕಾ, ಗುಪ್ತನಾಮ ‘ಜೋ’. ಗಣಿತ ಓದಿದವರು. ಭೂಗತ ಸೇನೆಯ ದೂತೆಯಾಗಿ ಯುರೋಪನ್ನು ನೆಲದ ಮಾರ್ಗವಾಗಿ ದಾಟಿ ಲಂಡನ್ ಮುಟ್ಟಿ, 1943ರ ಸೆಪ್ಟೆಂಬರಿನಲ್ಲಿ ಪ್ಯಾರಾಚೂಟಿನಲ್ಲಿ ವಾಪಸಾದರು. ಯುದ್ಧಾನಂತರ, 1951ರಲ್ಲಿ, ಕಮ್ಯುನಿಸ್ಟ್ ಸರ್ಕಾರ ಇವರನ್ನು ಜೈಲಿಗೆ ಹಾಕಿತು; 1955ರಲ್ಲಿ ಬಿಡುಗಡೆ. ಬ್ರಿಗೇಡಿಯರ್ ಜನರಲ್ ಪದವಿ ಸಿಕ್ಕಿದ್ದು 2006ರಲ್ಲಿ, ತೊಂಬತ್ತೇಳನೇ ವಯಸ್ಸಿಗೆ.