ಮೂರು ಲಕ್ಷ ರೂಪಾಯಿಯಲ್ಲಿ ಹಾಡಿಯ, ಲೈನ್‌ಮನೆಯ ಮಕ್ಕಳನ್ನು ಜೀನೋಮಿಕ್ಸ್ ಸಂಶೋಧನೆಗೆ ಹಚ್ಚುವುದು ಹೇಗೆ?

ಕೊಡಗಿನ ಗೋಣಿಕೊಪ್ಪ ಕಡೆಯ ಡಿಗ್ರಿ ಕಾಲೇಜಿನ ಅಧ್ಯಾಪಕರು ನೀವು. ಹಳೆ ವಿದ್ಯಾರ್ಥಿಗಳು ಕೊಟ್ಟ ಮೂರು ಲಕ್ಷ, ಬಿ.ಎಸ್ಸಿ. ಓದುವ ಮಕ್ಕಳು ಹತ್ತು ಜನ: ಹಾಡಿಗಳ (ಬುಡಕಟ್ಟು ವಸತಿಗಳ) ಯರವ, ಜೇನು ಕುರುಬರು, ಲೈನ್‌ಮನೆಗಳ (ತೋಟದ ಕೂಲಿಕಾರರ ಸಾಲುಮನೆಗಳ) ಮಕ್ಕಳು. ಇವರನ್ನು ಜೀನೋಮಿಕ್ಸ್ (ಜೀವಿಯೊಂದರ ಇಡೀ ಡಿಎನ್ಎ ಓದುವ ವಿಜ್ಞಾನ) ಕಡೆ ತರಲು ಹಣ ಹೇಗೆ ಹಂಚಲಿ ಅಂತ ಕೇಳಿದ್ದೀರಿ. ಹತ್ತು ಜನಕ್ಕೆ ಹಂಚಲೇಬೇಡಿ. ಮೂವರನ್ನು ಆರಿಸಿ ವರ್ಷವಿಡೀ ನೋಡಿಕೊಳ್ಳಿ.

ನಾನಾದರೆ ಹಾಕುವ ಲೆಕ್ಕ ಇದು: ತಲಾ ಒಂದು ಲ್ಯಾಪ್‌ಟಾಪ್‌ಗೆ 40,000 (ಕಾಲೇಜಿನ ಹೆಸರಲ್ಲಿರಲಿ, ಮುಂದಿನ ವರ್ಷ ಬೇರೆಯವರಿಗೆ ಬರುತ್ತದೆ), ತಿಂಗಳಿಗೆ 3,000ದಂತೆ ಹತ್ತು ತಿಂಗಳು, ಬೇಸಿಗೆಯಲ್ಲಿ ಎರಡು ತಿಂಗಳು ಲ್ಯಾಬ್ ಕೆಲಸ ಕಲಿಯಲು ಬೆಂಗಳೂರಲ್ಲಿರಲು 25,000. ಮೂವರಿಗೆ 2,85,000. ಉಳಿದ 15,000 ರಾಸಾಯನಿಕಗಳಿಗೂ ಡೇಟಾ ಪ್ಯಾಕಿಗೂ. ಹಣ ಮುಂಗಡವಾಗಿಯೇ ಖಾತೆಗೆ ಬೀಳಬೇಕು. 'ಬಿಲ್ ತನ್ನಿ, ಆಮೇಲೆ ಕೊಡುತ್ತೇವೆ' ಅಂದಿರೋ, ಪಿ.ಜಿ. ವಸತಿಯ ಅಡ್ವಾನ್ಸ್ ಕಟ್ಟಲು ಕಾಸಿಲ್ಲದ ಹುಡುಗಿ ಬೆಂಗಳೂರಿಗೆ ಹೋಗುವುದೇ ಇಲ್ಲ. ಮಂಜೂರಾತಿ ಪತ್ರದಲ್ಲಿ 'ವಿದ್ಯಾರ್ಥಿವೇತನ' ಅಂತ ಬರೆಯಬೇಡಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪಡೆಯುವವರು ಇನ್ನೊಂದು ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಊಟ, ವಸತಿ, ಪುಸ್ತಕದ ನೆರವಿಗೆ ಅಡ್ಡಿಯಿಲ್ಲ. ಹಾಗೆಂದೇ ಬರೆದು, ತಾಲ್ಲೂಕಿನ ಕಲ್ಯಾಣಾಧಿಕಾರಿ ಕಚೇರಿಯಲ್ಲೊಮ್ಮೆ ತೋರಿಸಿಬಿಡಿ.

ಕೊಡಗಿನಲ್ಲಿ ಕ್ಯಾಲೆಂಡರೇ ದೊಡ್ಡ ತೊಡಕು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ವಿದ್ಯಾರ್ಥಿಗಳನ್ನು ಎರಡು ತಿಂಗಳು ಲ್ಯಾಬ್‌ಗಳಿಗೆ ಕಳಿಸುವ ಬೇಸಿಗೆ ಫೆಲೋಶಿಪ್‌ಗೆ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಅರ್ಜಿ ಹಾಕಬೇಕು. ಅರೇಬಿಕಾ ಕುಯ್ಲು ಶುರುವಾಗುವುದೂ ಆಗಲೇ. ರೋಬಸ್ಟಾ ಮುಗಿಯುವ ತನಕ ಮನೆಯವರಿಗೆ ಒಂದೊಂದು ದಿನದ ಕೂಲಿಯೂ ಮುಖ್ಯ. ಹಾಗಾಗಿ ಅರ್ಜಿಯ ಬರಹ ಅಕ್ಟೋಬರಿನಲ್ಲೇ ಮುಗಿಯಲಿ. ಶಿಫಾರಸು ಪತ್ರ ನಿಮ್ಮದೇ ಕೆಲಸ. ಅದು ತಡವಾಗಿ ಬಿದ್ದುಹೋಗುವ ಅರ್ಜಿಗಳು ಕಡಿಮೆಯಿಲ್ಲ. 'ಶ್ರಮಜೀವಿ, ಸದ್ಗುಣಿ' ಅಂತ ಬರೆದರೆ ಯಾರೂ ಓದುವುದಿಲ್ಲ. ಆ ಹುಡುಗ ಯಾವ ಪ್ರಯೋಗ ಮಾಡಿದ, ಅದು ಎಲ್ಲಿ ಕೆಟ್ಟಿತು, ಹೇಗೆ ಸರಿಪಡಿಸಿದ ಅಂತ ಬರೆಯಿರಿ.

ಹಾಗೆ ಬರೆಯಬೇಕಾದರೆ ಮೊದಲು ಒಂದು ಪ್ರಯೋಗ ನಡೆದಿರಬೇಕಲ್ಲ. ಕಾಫಿ ಎಲೆಯ ಡಿಎನ್ಎ ತೆಗೆಸಿ. ಬಲಿತ ಎಲೆ ಬೇಡ: ಅದರ ಪಾಲಿಫಿನಾಲ್‌ಗಳು (ಒಗರು ಕೊಡುವ ರಾಸಾಯನಿಕಗಳು) ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ, ಡಿಎನ್ಎಗೆ ಅಂಟಿಕೊಳ್ಳುತ್ತವೆ, ಪಿಸಿಆರ್ (ಡಿಎನ್ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಕೈಕೊಡುತ್ತದೆ. ಎಳೆ ಚಿಗುರು ತಂದು, 2% ಸಿಟ್ಯಾಬ್ (ಜೀವಕೋಶ ಒಡೆಯುವ ಮಾರ್ಜಕ) ಬಫರಿಗೆ ಪಾಲಿಫಿನಾಲ್ ಹಿಡಿದಿಡುವ ಪಿವಿಪಿಯನ್ನು 2% ಸೇರಿಸಿ, 65 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಡಿ. ಆಮೇಲೆ ಕ್ಲೋರೋಫಾರ್ಮ್–ಐಸೋಅಮೈಲ್ ಆಲ್ಕೋಹಾಲ್ 24:1, ಫ್ಯೂಮ್ ಹುಡ್ ಒಳಗೇ. ಡಿಎನ್ಎ ಎಷ್ಟು ಶುದ್ಧ ಅಂತ ಬೆಳಕು ಹೀರುವಿಕೆಯಿಂದ ಅಳೆಯುವ 260/280 ಅನುಪಾತ 1.8ರ ಆಸುಪಾಸು ಬಂದರೂ ಪಿಸಿಆರ್ ಆಗದಿದ್ದರೆ 260/230 ಅನುಪಾತ ನೋಡಿ. ಅದು ಕಡಿಮೆಯಿದ್ದರೆ ಕಲ್ಮಶ ಉಳಿದಿದೆ ಎಂದರ್ಥ. ಡಿಎನ್ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಹಾಕಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಸಲಹೆಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಾಂಬಾರ ಬೆಳೆ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಕಾಲೇಜು ಹತ್ತಿರದಲ್ಲೇ ಇವೆ.

ಕಂಪ್ಯೂಟರ್ ಕೆಲಸಕ್ಕೆ ಮನುಷ್ಯನ ಜೀನೋಮ್ ಬೇಡ. ಒಬ್ಬರದೇ ಕಚ್ಚಾ ದತ್ತಾಂಶ ಸುಮಾರು 100 ಜಿಬಿ ಆಗುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾದ ಜೀನೋಮ್ 46 ಲಕ್ಷ ಬೇಸ್ (ಡಿಎನ್ಎಯ ಅಕ್ಷರ) ಅಷ್ಟೇ. ಜೀನೋಮ್ ದತ್ತಾಂಶ ವಿಶ್ಲೇಷಿಸುವ 'ಗ್ಯಾಲಕ್ಸಿ' ಜಾಲತಾಣದಲ್ಲಿ ಉಚಿತ ಖಾತೆ ತೆರೆದರೆ ಕೆಲಸ ಸರ್ವರ್‌ನಲ್ಲಿ ನಡೆಯುತ್ತಿರುತ್ತದೆ, ಜುಲೈ ಮಳೆಗೆ ಕರೆಂಟ್ ಹೋದರೂ ನಿಲ್ಲುವುದಿಲ್ಲ. ರೆಫರೆನ್ಸ್ ಜೀನೋಮ್ (ಹೋಲಿಸಿ ನೋಡುವ ಮಾದರಿ ಜೀನೋಮ್) ಒಂದು ಕಡೆಯಿಂದ, ಜೀನ್ ಪಟ್ಟಿ ಇನ್ನೊಂದು ಕಡೆಯಿಂದ ತಂದರೆ ಕ್ರೋಮೋಸೋಮಿನ ಹೆಸರು ಹೊಂದದೆ, ಯಾವ ಜೀನಿಗೆ ಎಷ್ಟು ಡಿಎನ್ಎ ತುಣುಕು ಹೊಂದಿತು ಎಂಬ ಎಣಿಕೆಯೆಲ್ಲ ಸೊನ್ನೆ ಬರಬಹುದು, ದೋಷದ ಸೂಚನೆಯೇ ಇಲ್ಲದೆ. ಎರಡನ್ನೂ ಒಂದೇ ಮೂಲದಿಂದ ಇಳಿಸಿಕೊಳ್ಳಲಿ.

ಮಾರ್ಗದರ್ಶಕರು ಇಬ್ಬರಿರಲಿ: ವಾರಕ್ಕೊಮ್ಮೆ ಎದುರು ಕೂರುವ ನೀವು, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಸಿಗುವ ಒಬ್ಬ ಪಿಎಚ್.ಡಿ. ವಿದ್ಯಾರ್ಥಿ. ದೊಡ್ಡ ಪ್ರೊಫೆಸರ್ ಸಿಕ್ಕರೆ ಸಂತೋಷ, ಆದರೆ ಅವರಿಗೆ ಬಿಡುವಿರುವುದಿಲ್ಲ.

ಒಂದು ಮಾತ್ರ ಕಡ್ಡಾಯ. ಈ ಮಕ್ಕಳ ಕೈಯಲ್ಲಿ ಅವರ ಹಾಡಿಯವರ ರಕ್ತ, ಎಂಜಲು ತರಿಸಬೇಡಿ. ನೈತಿಕ ಸಮಿತಿಯ ಅನುಮತಿ ಇಲ್ಲದೆ ಅದು ಆಗುವಂಥದ್ದೇ ಅಲ್ಲ. ಅಮೆರಿಕದ ಹವಸುಪೈ ಬುಡಕಟ್ಟಿನವರಿಂದ ಸಕ್ಕರೆ ಕಾಯಿಲೆಗೆಂದು ಪಡೆದ ರಕ್ತವನ್ನು ಬೇರೆ ಅಧ್ಯಯನಗಳಿಗೂ ಬಳಸಿದ್ದಕ್ಕೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ 2010ರಲ್ಲಿ 7 ಲಕ್ಷ ಡಾಲರ್ ಕೊಟ್ಟು ರಾಜಿಯಾಗಬೇಕಾಯಿತು.

ಮುಂದೆ ಎಂ.ಎಸ್ಸಿ. ಬಯೋಟೆಕ್‌ಗೆ ಗ್ಯಾಟ್-ಬಿ ಪ್ರವೇಶ ಪರೀಕ್ಷೆ, ಪಿಎಚ್.ಡಿ.ಗೆ ಪರಿಶಿಷ್ಟ ಪಂಗಡದವರ ರಾಷ್ಟ್ರೀಯ ಫೆಲೋಶಿಪ್ (ವರ್ಷಕ್ಕೆ 750 ಜನರಿಗೆ) ಇವೆ. ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ಇದೆಯಾ ಅಂತ ಎರಡನೇ ವರ್ಷದಲ್ಲೇ ನೋಡಿ; ತಿದ್ದಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ.