ಐರ್ಲೆಂಡಿನ ಟೆಲಿವಿಷನ್ ಇತಿಹಾಸದಲ್ಲಿ ಒಂದೇ ವರ್ಷವನ್ನು ಆರಿಸಬೇಕಾದರೆ: 1966

ಐರ್ಲೆಂಡಿನ ಟೆಲಿವಿಷನ್ ಇತಿಹಾಸದಲ್ಲಿ ಒಂದೇ ಒಂದು ವರ್ಷವನ್ನು ಕೂಲಂಕಷವಾಗಿ ಓದುವುದಾದರೆ ಯಾವುದನ್ನು ಆರಿಸಬೇಕು ಎಂದು ಕೇಳಿದ್ದೀರಿ. ಪ್ರಸಾರದ ಮೊದಲ ಪೂರ್ಣ ವರ್ಷವಾದ 1962ನ್ನು ಕೆಲವರು ಹೇಳಿಯಾರು. ಐರಿಷ್ ಭಾಷೆಗೆ ತನ್ನದೇ ವಾಹಿನಿ ದೊರೆತ 1996ನ್ನು ಇನ್ನು ಕೆಲವರು. ನಾನು 1966ನ್ನು ಆರಿಸುತ್ತೇನೆ. ಕ್ಯಾಥೊಲಿಕ್ ಧರ್ಮಪೀಠ, ರಾಷ್ಟ್ರದ ಮೂಲಕಥೆ, ಸರಕಾರ, ಈ ಮೂರರೊಡನೆಯೂ ಟಿವಿ ಮುಖಾಮುಖಿಯಾದದ್ದು ಆ ಒಂದೇ ವರ್ಷದಲ್ಲಿ.

ಮೊದಲು ಸ್ವಲ್ಪ ಹಿನ್ನೆಲೆ. ದೇಶದ ಸ್ವಂತ ಟಿವಿ ವಾಹಿನಿಯಾದ ಟೆಲಿಫೀಸ್ ಏರನ್ 1961ರ ಡಿಸೆಂಬರ್ 31ರ ರಾತ್ರಿ ಡಬ್ಲಿನ್‌ನಲ್ಲಿ ಪ್ರಸಾರ ಆರಂಭಿಸಿತು. ಅದಕ್ಕೂ ಮೊದಲೇ ಪೂರ್ವ ಕರಾವಳಿಯ ಮನೆಗಳು ಎತ್ತರದ ಆಂಟೆನಾ ಕಟ್ಟಿ ಬ್ರಿಟನ್ನಿನ ಕಾರ್ಯಕ್ರಮಗಳನ್ನು ನೋಡುತ್ತಿದ್ದವು. ಸ್ವಂತ ವಾಹಿನಿ ಬೇಕೆಂಬ ಒತ್ತಡಕ್ಕೆ ಅದೂ ಒಂದು ಕಾರಣ. 1960ರ ಕಾಯ್ದೆಯು ಪ್ರಸಾರವನ್ನು ಸರಕಾರದ ಇಲಾಖೆಯಾಗಿ ಇಡದೆ ಒಂದು ಪ್ರಾಧಿಕಾರಕ್ಕೆ ಒಪ್ಪಿಸಿತ್ತು. ಅದೇ ಕಾಲದಲ್ಲಿ ದೆಹಲಿಯ ಟಿವಿ ಆಕಾಶವಾಣಿಯ ಅಂಗವಾಗಿ ನೇರವಾಗಿ ಸರಕಾರದ ಕೈಯಲ್ಲಿತ್ತು ಎಂಬುದನ್ನು ನೆನೆದರೆ ವ್ಯತ್ಯಾಸ ನಮಗೆ ತಿಳಿಯುತ್ತದೆ. ಆದರೆ ಆ ಪ್ರಾಧಿಕಾರ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಗೆ 1966ರವರೆಗೆ ಯಾರೂ ಬಹಿರಂಗವಾಗಿ ಉತ್ತರ ಹೇಳಿರಲಿಲ್ಲ.

ಆ ವರ್ಷದ ಫೆಬ್ರವರಿಯ ಪ್ರಸಂಗವೇ ಎಲ್ಲರಿಗೂ ನೆನಪಿರುವುದು. ಗೇ ಬರ್ನ್ ನಡೆಸುತ್ತಿದ್ದ 'ಲೇಟ್ ಲೇಟ್ ಶೋ' ಎಂಬ ಮಾತುಕತೆಯ ಕಾರ್ಯಕ್ರಮದಲ್ಲಿ ದಂಪತಿಗಳು ಒಬ್ಬರನ್ನೊಬ್ಬರು ಎಷ್ಟು ಬಲ್ಲರು ಎಂದು ಪರೀಕ್ಷಿಸುವ ಆಟವೊಂದಿತ್ತು. ಮಧುಚಂದ್ರದ ರಾತ್ರಿ ತೊಟ್ಟ ನೈಟಿಯ ಬಣ್ಣ ಯಾವುದೆಂದು ಕೇಳಿದಾಗ, ಬಹುಶಃ ಏನನ್ನೂ ತೊಟ್ಟಿರಲಿಲ್ಲ ಎಂದು ಒಬ್ಬ ಗೃಹಿಣಿ ನಗುತ್ತ ಉತ್ತರಿಸಿದರು. ಕ್ಲಾನ್‌ಫರ್ಟ್‌ನ ಬಿಷಪ್ ಥಾಮಸ್ ರಯನ್ ಮರುದಿನದ ಪ್ರವಚನದಲ್ಲೇ ಕಾರ್ಯಕ್ರಮವನ್ನು ಖಂಡಿಸಿದರು, ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು, ಬರ್ನ್ ವಿಷಾದ ವ್ಯಕ್ತಪಡಿಸಿದರು. ಮಾರ್ಚ್‌ನಲ್ಲಿ ಅದೇ ವೇದಿಕೆಯಿಂದ ಬ್ರಯನ್ ಟ್ರೆವಾಸ್ಕಿಸ್ ಎಂಬ ವಿದ್ಯಾರ್ಥಿ, ಗಾಲ್ವೇಯಲ್ಲಿ ಆಗಷ್ಟೇ ಎದ್ದುನಿಂತಿದ್ದ ಬೃಹತ್ ಕೆಥೆಡ್ರಲ್ ಅನ್ನು ಟೀಕಿಸುತ್ತ ಅಲ್ಲಿನ ಬಿಷಪ್ಪರನ್ನು ಮೂಢ ಎಂದು ಕರೆದರು. ಇವೆರಡರಲ್ಲಿ ನನಗೆ ಎರಡನೆಯದೇ ಹೆಚ್ಚು ಮಹತ್ತ್ವದ್ದೆನಿಸುತ್ತದೆ. ಮೊದಲನೆಯದರಲ್ಲಿ ಮಾತು ಬಾಯಿತಪ್ಪಿ ಬಂದಿತ್ತು; ಎರಡನೆಯದರಲ್ಲಿ ಒಬ್ಬ ಯುವಕ, ಇಡೀ ದೇಶ ನೋಡುತ್ತಿದೆಯೆಂದು ತಿಳಿದೇ, ಧರ್ಮಾಧಿಕಾರಿಯನ್ನು ಪ್ರಶ್ನಿಸಿದ್ದ.

ಏಪ್ರಿಲ್‌ನಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್‌ನಲ್ಲಿ ನಡೆದ 1916ರ ಈಸ್ಟರ್ ದಂಗೆಯ ಸುವರ್ಣ ಮಹೋತ್ಸವ ಬಂದಿತು. ಹ್ಯೂ ಲೆನರ್ಡ್ ಬರೆದ 'ಇನ್ಸರೆಕ್ಷನ್' ಎಂಬ ಎಂಟು ಕಂತುಗಳ ನಾಟಕವನ್ನು ಆ ವಾರ ಪ್ರಸಾರ ಮಾಡಲಾಯಿತು. 1916ರಲ್ಲಿ ಟಿವಿ ಇದ್ದಿದ್ದರೆ ದಂಗೆಯನ್ನು ಹೇಗೆ ವರದಿ ಮಾಡುತ್ತಿತ್ತೋ ಹಾಗೆಯೇ ಅದನ್ನು ರೂಪಿಸಲಾಗಿತ್ತು: ಸ್ಟುಡಿಯೋದಲ್ಲಿ ಸುದ್ದಿ ನಿರೂಪಕ, ಬೀದಿಯಲ್ಲಿ ವರದಿಗಾರರು, ಹೋರಾಟದ ನಡುವೆಯೇ ಸಂದರ್ಶನಗಳು. ದಂಗೆಯಲ್ಲಿ ಸ್ವತಃ ಪಡೆಯೊಂದನ್ನು ಮುನ್ನಡೆಸಿದ್ದ ಏಮನ್ ಡೆ ವಲೇರಾ ಆಗ ರಾಷ್ಟ್ರಾಧ್ಯಕ್ಷರು. ಹೋರಾಡಿದ ಹಿರಿಯರಲ್ಲಿ ಅನೇಕರು ಇನ್ನೂ ಬದುಕಿದ್ದರು. ಅಂಥವರ ಕಣ್ಣೆದುರಿಗೆ ಅವರದೇ ಕಥೆಯನ್ನು ಸುದ್ದಿಯ ರೂಪದಲ್ಲಿ ಇಡಲು ಇನ್ನೂ ಐದು ವರ್ಷ ತುಂಬದ ಸಂಸ್ಥೆಯೊಂದು ತೋರಿದ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದೇ ವರ್ಷದ ತಿದ್ದುಪಡಿ ಕಾಯ್ದೆಯ ಮೂಲಕ ಸಂಸ್ಥೆಗೆ ರೇಡಿಯೋ ಟೆಲಿಫೀಸ್ ಏರನ್, ಅಂದರೆ ಆರ್‌ಟಿಇ, ಎಂಬ ಹೆಸರಾಯಿತು.

ಇಷ್ಟೇ ಆಗಿದ್ದರೆ ಈ ವರ್ಷವನ್ನು ನಾನು ಆರಿಸುತ್ತಿರಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಕೃಷಿ ಸಚಿವ ಚಾರ್ಲ್ಸ್ ಹಾಹಿ ಅವರ ಹೇಳಿಕೆಯ ಬೆನ್ನಿಗೇ, ಅದಕ್ಕೆ ವಿರುದ್ಧವಾದ ರೈತ ಸಂಘದ ಹೇಳಿಕೆಯನ್ನೂ ಟಿವಿ ವಾರ್ತೆ ಬಿತ್ತರಿಸಿತು. ಸಚಿವರು ಸುದ್ದಿಮನೆಗೆ ದೂರವಾಣಿ ಮಾಡಿ ಆಕ್ಷೇಪಿಸಿದರು. ಮುಂದಿನ ವಾರ್ತೆಯಲ್ಲಿ ರೈತರ ಮಾತು ಕಾಣೆಯಾಯಿತು. ಪತ್ರಕರ್ತರು ಪ್ರತಿಭಟಿಸಿದರು. ರೈತರು ದೇಶದ ತುದಿಗಳಿಂದ ಡಬ್ಲಿನ್ ಕಡೆಗೆ ಪಾದಯಾತ್ರೆ ನಡೆಸುತ್ತಿದ್ದಾಗಲೇ, ಅಕ್ಟೋಬರ್ 12ರಂದು, ಪ್ರಧಾನಿ ಶಾನ್ ಲೆಮಾಸ್ ಸಂಸತ್ತಿನಲ್ಲಿ ಎದ್ದುನಿಂತು, ಆರ್‌ಟಿಇ ಸಾರ್ವಜನಿಕ ನೀತಿಯ ಸಾಧನವಾಗಿ ಕಾನೂನಿನಿಂದ ಸ್ಥಾಪಿತವಾದದ್ದು, ಆ ಕಾರಣದಿಂದ ಅದು ಸರಕಾರಕ್ಕೆ ಉತ್ತರದಾಯಿ ಎಂದು ಘೋಷಿಸಿದರು.

ನನ್ನ ದೃಷ್ಟಿಯಲ್ಲಿ ಅಲ್ಲಿಂದಾಚೆಗಿನ ಮೂರು ದಶಕಗಳ ಬೀಜ ಈ ಮಾತಿನಲ್ಲಿದೆ. ಲೆಮಾಸ್ ಮುಂದಿನ ತಿಂಗಳೇ ಅಧಿಕಾರ ಬಿಟ್ಟರು, ಆದರೆ ಅವರ ನಿಲುವು ಉಳಿಯಿತು. ಆ ಶರತ್ಕಾಲದಲ್ಲೇ ಆರಂಭವಾಗಿದ್ದ 'ಸೆವೆನ್ ಡೇಸ್' ಎಂಬ ಸುದ್ದಿ ವಿಶ್ಲೇಷಣೆಯ ತಂಡ 1967ರಲ್ಲಿ ಉತ್ತರ ವಿಯೆಟ್ನಾಮಿಗೆ ಹೊರಟಾಗ ಸರಕಾರದ ಅಸಮ್ಮತಿಯಿಂದ ಪ್ರಯಾಣ ರದ್ದಾಯಿತು. 1960ರ ಕಾಯ್ದೆಯ 31ನೇ ಕಲಂ, ನಿರ್ದಿಷ್ಟ ವಿಷಯಗಳನ್ನು ಪ್ರಸಾರ ಮಾಡಕೂಡದೆಂದು ಆದೇಶಿಸುವ ಅಧಿಕಾರವನ್ನು ಸಚಿವರಿಗೆ ಕೊಟ್ಟಿತ್ತು. 1971ರಲ್ಲಿ ಅದನ್ನು ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಯಂಥ ಸಶಸ್ತ್ರ ಸಂಘಟನೆಗಳ ವಿಷಯದಲ್ಲಿ ಬಳಸಲಾಯಿತು. ಐಆರ್‌ಎ ನಾಯಕನೊಬ್ಬನ ಸಂದರ್ಶನವನ್ನು ಆಧರಿಸಿದ ವರದಿ ಬಿತ್ತರವಾದದ್ದಕ್ಕಾಗಿ 1972ರ ನವೆಂಬರ್‌ನಲ್ಲಿ ಸರಕಾರ ಇಡೀ ಪ್ರಾಧಿಕಾರವನ್ನೇ ವಜಾ ಮಾಡಿತು. ಆ ನಿರ್ಬಂಧದ ಆದೇಶ ನವೀಕರಣವಾಗದೆ ಕೊನೆಗೊಂಡದ್ದು 1994ರ ಜನವರಿಯಲ್ಲಿ, ಮೈಕಲ್ ಡಿ. ಹಿಗಿನ್ಸ್ ಸಚಿವರಾಗಿದ್ದಾಗ.

ಆದ್ದರಿಂದ ನೈಟಿಯ ಕಥೆಯನ್ನು ಬೇಗನೆ ದಾಟಿ ಅಕ್ಟೋಬರ್‌ಗೆ ಬನ್ನಿ ಎಂಬುದು ನನ್ನ ಸಲಹೆ. ಐರ್ಲೆಂಡಿನ ಸಂಸತ್ತಿನ ಜಾಲತಾಣದಲ್ಲಿ 1966ರ ಅಕ್ಟೋಬರ್ 12ರ ಕಲಾಪದ ದಾಖಲೆ ಉಚಿತವಾಗಿ ದೊರೆಯುತ್ತದೆ; ಓದನ್ನು ಅಲ್ಲಿಂದಲೇ ಆರಂಭಿಸಿ.