ಟೊಫಿನೊಗೆ ಎರಡು ದಿನ ಸಾಕಾ? ಮಳೆ ಬಂದರೆ ಏನು ಮಾಡೋದು?

ಅಪ್ಪ-ಅಮ್ಮ, ಮಕ್ಕಳನ್ನು ಕರೆದುಕೊಂಡು ವ್ಯಾಂಕೂವರ್‌ನಿಂದ, ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮ ಕಡಲತೀರದ ಊರು ಟೊಫಿನೊಗೆ ಎರಡು ದಿನದ ಮಟ್ಟಿಗೆ ಹೋಗಿಬರಬಹುದಾ, ಮಳೆ ಹಿಡಿದರೆ ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಎರಡು ದಿನ ಸಾಲದು, ಮೂರು ರಾತ್ರಿ ಇಟ್ಟುಕೊಳ್ಳಿ. ಮಳೆಗೆ ಮಾತ್ರ ಹೆದರಬೇಡಿ.

ದಾರಿಯಲ್ಲೇ ಅರ್ಧ ದಿನ ಕಳೆಯುತ್ತದೆ. ವ್ಯಾಂಕೂವರ್ ಹತ್ತಿರದ ಹಾರ್ಸ್‌ಶೂ ಬೇಯಿಂದ ದ್ವೀಪದ ನನೈಮೊಗೆ, ಕಾರನ್ನೂ ಸಾಗಿಸುವ ಫೆರಿಯಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಅಲ್ಲಿಂದ ಕಾರಿನಲ್ಲಿ ಇನ್ನೂ ಮೂರು ಗಂಟೆ. ಬೇಸಿಗೆಯಲ್ಲಿ ಫೆರಿಯನ್ನು ಮೊದಲೇ ಬುಕ್ ಮಾಡಿ, ಇಲ್ಲದಿದ್ದರೆ ಮುಂದಿನದಕ್ಕೆ ಕಾಯುತ್ತಾ ಸಾಲಿನಲ್ಲಿ ನಿಲ್ಲಬೇಕಾಗಬಹುದು. ಪೋರ್ಟ್ ಆಲ್ಬರ್ನಿಯಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ. ಮುಂದೆ ರಸ್ತೆ ಗುಡ್ಡ, ಸರೋವರ ಬಳಸಿಕೊಂಡು ಸಾಗುತ್ತದೆ, ಎಷ್ಟೋ ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ. ತಿರುವಿನಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕೂರಲಿ.

ಈಗ ಮಳೆಯ ವಿಷಯ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕಮ್ಮಿ, ಆದರೆ ಆಗಸ್ಟ್ ಬೆಳಗ್ಗೆ ಮಂಜು ಕವಿದಿರುವುದು ಮಾಮೂಲು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಒಳ್ಳೆಯದು, ಜನ ಕಮ್ಮಿ ಇರುತ್ತಾರೆ. ಮಕ್ಕಳಿಗೆ ಶಾಲೆ ಇದ್ದರೆ ಬೇರೆ ಮಾತು. ಯಾವಾಗಲೇ ಹೋಗಿ, ಒಳ್ಳೆಯ ರೇನ್‌ಕೋಟು, ನೀರು ಒಳಗೆ ಬಿಡದ ಬೂಟು ಎಲ್ಲರಿಗೂ ಇರಲಿ. ಗಾಳಿಯ ಊರದು, ಛತ್ರಿ ನಿಲ್ಲುವುದಿಲ್ಲ.

ಮಳೆ ಬಂದ ದಿನ ರೂಮಿನಲ್ಲಿ ಸುಮ್ನೆ ಕೂರಬೇಡಿ. ಪೆಸಿಫಿಕ್ ರಿಮ್ ನ್ಯಾಷನಲ್ ಪಾರ್ಕ್‌ನ ರೇನ್‌ಫಾರೆಸ್ಟ್ ಟ್ರೇಲ್‌ಗೆ ಹೋಗಿ. ರಸ್ತೆಯ ಆಚೆಗೊಂದು ಈಚೆಗೊಂದು, ಎರಡು ಸುತ್ತು ದಾರಿ. ಒಂದೊಂದೂ ಹೆಚ್ಚುಕಮ್ಮಿ ಒಂದು ಕಿಲೋಮೀಟರ್, ಮರದ ಹಲಗೆ ಹಾಸಿದ್ದಾರೆ. ಒಳಗೆ ಹೋದ ಮೇಲೆ ಮಳೆ ಮೈಮೇಲೆ ನೇರ ಬೀಳುವುದೇ ಕಮ್ಮಿ, ಮೇಲಿನ ಕೊಂಬೆಗಳಿಂದ ತೊಟ್ಟಿಕ್ಕುತ್ತದೆ. ಬಿದ್ದು ಎಷ್ಟೋ ಕಾಲವಾದ ದೊಡ್ಡ ಮರಗಳನ್ನು ಮಕ್ಕಳಿಗೆ ತೋರಿಸಿ. ದಿಮ್ಮಿಯ ಮೈತುಂಬ ಪಾಚಿ, ಆ ಪಾಚಿಯ ಮೇಲೆ ಗೇಣುದ್ದದ ಹೆಮ್ಲಾಕ್ ಸಸಿಗಳು ಸಾಲಾಗಿ ನಿಂತಿರುತ್ತವೆ. ಪಕ್ಕದಲ್ಲೇ ಹಾಗೆ ಹುಟ್ಟಿ ದೊಡ್ಡದಾದ ಮರವೂ ಇರುತ್ತದೆ: ಬೇರು ದಿಮ್ಮಿಯನ್ನು ತಬ್ಬಿ ನೆಲಕ್ಕಿಳಿದಿದೆ, ದಿಮ್ಮಿ ಕೊಳೆತು ಹೋದ ಜಾಗದಲ್ಲಿ ಬೇರಿನ ಕೆಳಗೆ ಪೊಳ್ಳು ಉಳಿದಿದೆ. ನಾನು ಆ ಕಾಡಿಗೆ ಸೋತಿದ್ದು ಇಂಥದ್ದನ್ನು ನೋಡಿಯೇ. ಒಂದು ಎಚ್ಚರಿಕೆ, ಮೆಟ್ಟಿಲು ಬಹಳ ಇವೆ. ಅಪ್ಪ-ಅಮ್ಮನಿಗೆ ಮಂಡಿ ನೋವಿದ್ದರೆ ಅದೇ ಪಾರ್ಕ್‌ನ ಜೌಗು ನೆಲದ ಮೇಲಿನ, ಸಮತಟ್ಟಾದ ಶೋರ್‌ಪೈನ್ ಬಾಗ್ ದಾರಿ ವಾಸಿ. ತೆರೆದಿದೆಯಾ ಅಂತ ಪಾರ್ಕ್ಸ್ ಕೆನಡಾ ವೆಬ್‌ಸೈಟ್‌ನಲ್ಲಿ ನೋಡಿಕೊಂಡು ಹೊರಡಿ.

ಒಂದು ಹೊತ್ತು ಮೀರ್ಸ್ ದ್ವೀಪಕ್ಕೂ ಇಡಿ. ಊರಿನ ಜೆಟ್ಟಿಯಿಂದ ವಾಟರ್ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಅಲ್ಲಿನ ಸೀಡರ್ ಮರಗಳ ಬುಡದಲ್ಲಿ ನಿಂತು ಕತ್ತೆತ್ತಿದರೆ ತುದಿ ಕಾಣುವುದಿಲ್ಲ. ಈ ಮರಗಳು ಸುಮ್ನೆ ಉಳಿದಿಲ್ಲ. ಕಡಿಯಲು ಕಂಪನಿ ಹೊರಟಾಗ ಅಲ್ಲಿನ ಮೂಲನಿವಾಸಿ ಟ್ಲಾ-ಒ-ಕ್ವಿ-ಆಟ್ ಜನ 1984ರಲ್ಲಿ ದ್ವೀಪವನ್ನು ತಮ್ಮ ಟ್ರೈಬಲ್ ಪಾರ್ಕ್ ಎಂದು ಘೋಷಿಸಿ ಅಡ್ಡ ನಿಂತರು. 1993ರ ಬೇಸಿಗೆಯಲ್ಲಿ ಸುತ್ತಲಿನ ಕಾಡಿಗಾಗಿ ರಸ್ತೆ ತಡೆದ 800ಕ್ಕೂ ಹೆಚ್ಚು ಜನರನ್ನು ಬಂಧಿಸಿದ್ದರು. ಮಕ್ಕಳಿಗೆ ಇದನ್ನು ಹೇಳಿ ಕರೆದುಕೊಂಡು ಹೋಗಿ.

ಬೀಚುಗಳಲ್ಲಿ ಲಾಂಗ್ ಬೀಚ್ ನಡೆಯಲು, ಚೆಸ್ಟರ್‌ಮನ್ ಮಕ್ಕಳ ಆಟಕ್ಕೆ. ಆದರೆ ಗೋಕರ್ಣದಲ್ಲಿ ಇಳಿದ ಹಾಗೆ ಇಲ್ಲಿ ನೀರಿಗಿಳಿಯಲು ಆಗುವುದಿಲ್ಲ. ಬೇಸಿಗೆಯಲ್ಲೂ ನೀರು ಕೊರೆಯುತ್ತದೆ, ಸೆಳೆತವೂ ಇದೆ. ಸರ್ಫಿಂಗ್ ಕಲಿಯುವ ಆಸೆ ಇದ್ದರೆ ಕ್ಲಾಸಿಗೆ ಸೇರಿ, ವೆಟ್‌ಸೂಟ್ ಅವರೇ ಕೊಡುತ್ತಾರೆ. ದಡದಲ್ಲಿ ಬಿದ್ದಿರುವ ದಿಮ್ಮಿಗಳ ಮೇಲೆ, ಅಲೆ ಹತ್ತಿರ ಇರುವಾಗ, ಮಕ್ಕಳನ್ನು ಹತ್ತಿಸಲೇಬೇಡಿ. ಅಷ್ಟು ಭಾರದ ಮರವನ್ನೂ ಅಲೆ ಒಂದೇ ಸಲಕ್ಕೆ ಉರುಳಿಸುತ್ತದೆ. ಉಬ್ಬರ-ಇಳಿತದ ಸಮಯ ನೋಡಿಕೊಂಡು ಇಳಿತದಲ್ಲಿ ಬಂಡೆಗಳ ಹತ್ತಿರ ಹೋಗಿ, ನೇರಳೆ, ಕಿತ್ತಳೆ ಬಣ್ಣದ ನಕ್ಷತ್ರಮೀನುಗಳು ಕಚ್ಚಿಕೊಂಡಿರುವುದು ಕಾಣಿಸುತ್ತದೆ.

ತಿಮಿಂಗಿಲ ನೋಡಲು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ದೋಣಿಗಳಿವೆ. ಹಿರಿಯರು ಜೊತೆಗಿರುವುದರಿಂದ ತೆರೆದ ರಬ್ಬರ್ ದೋಣಿ ಬೇಡ, ಅಲೆಗೆ ಎಗರಿ ಬಿದ್ದು ಬೆನ್ನಿಗೆ ಪೆಟ್ಟಾಗುತ್ತದೆ. ಮುಚ್ಚಿದ ದೊಡ್ಡ ದೋಣಿಯನ್ನೇ ಕೇಳಿ. ಟೊಫಿನೊದಲ್ಲಿ ರೂಮು ದುಬಾರಿ ಅನ್ನಿಸಿದರೆ ಯುಕ್ಲುಲೆಟ್‌ನಲ್ಲಿ ಹುಡುಕಿ, ಸುಮಾರು 40 ಕಿಲೋಮೀಟರ್ ದೂರ. ಅಲ್ಲಿ ಕಡಲಂಚಿನಲ್ಲೇ ಸಾಗುವ ವೈಲ್ಡ್ ಪೆಸಿಫಿಕ್ ಟ್ರೇಲ್ ಇದೆ, ಲೈಟ್‌ಹೌಸ್ ಸುತ್ತಿನ ಭಾಗ ಅಪ್ಪ-ಅಮ್ಮನಿಗೂ ಹಿಡಿಸುತ್ತದೆ. ಮಕ್ಕಳ ವಯಸ್ಸು ಎಷ್ಟು ಅಂತ ಹೇಳಿದರೆ, ದಿನಕ್ಕೆ ಎಷ್ಟು ಓಡಾಟ ಇಟ್ಟುಕೊಳ್ಳಬಹುದು ಅಂತ ಬರೆಯುತ್ತೇನೆ.